ಹೂಂ ಅನ್ನುವ ಮಿಷನ್ನು

ಆ ಮನೆಯಲ್ಲಿ ಕುರ್ಚಿಗಳು ಬೇಕಾದಷ್ಟಿದ್ದವು, ಆದರೆ ಜಗಳವೆಲ್ಲ ಒಂದೇ ಕುರ್ಚಿಗೆ. ಕಂಪ್ಯೂಟರಿನ ಮುಂದಿದ್ದ ಕುರ್ಚಿ ಅದು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಮೊದಲು ಬಂದವರು ಅದರಲ್ಲಿ ಕೂತುಬಿಡುತ್ತಿದ್ದರು. ಎರಡನೆಯವರು ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಕೂತವರ ಬೆನ್ನು ಸುಡುವಂತೆ ನೋಡುತ್ತಿದ್ದರು.

"ಇನ್ನೆಷ್ಟು ಹೊತ್ರೀ?" ಎನ್ನುತ್ತಿದ್ದಳು ಚೈತ್ರ.

"ಈ ಕಂತೆ ಮುಗೀಲಿ ಕಣೇ."

"ನಿನ್ನೇನೂ ಹಿಂಗೇ ಅಂದ್ರಿ. ನಿಮ್ಮ ಕಂತೆ ಮುಗಿಯೋಷ್ಟರಲ್ಲಿ ನನ್ನ ಕೊಕ್ಕರೆಗೆ ವಯಸ್ಸಾಗುತ್ತೆ."

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಹಗಲೆಲ್ಲ ಮಗ್ಗಗಳ ಸದ್ದು. ಮಾತಾಡುವವರು ಒಂದು ಸ್ವರ ಏರಿಸಿಯೇ ಮಾತಾಡಬೇಕು, ಹಾಗಾಗಿ ಅಲ್ಲಿ ಗಂಡಹೆಂಡಿರ ಸರಸವೂ ಹೊರಗಿನವರಿಗೆ ಜಗಳದಂತೆ ಕೇಳುತ್ತದೆ. ಚೈತ್ರ ಸೀರೆಗೆ ಡಿಸೈನು ಬಿಡಿಸುವವಳು. ಗಂಡ ಕಾಂತರಾಜು ಆ ಡಿಸೈನನ್ನು ರಟ್ಟಿನ ಕಾರ್ಡುಗಳ ಮೇಲೆ ತೂತು ಮಾಡಿಕೊಡುವವನು. ಮಗ್ಗದ ನೆತ್ತಿಯ ಮೇಲೆ ಕೂರುವ ಜಕಾರ್ಡ್ ಎಂಬ ಯಂತ್ರಕ್ಕೆ ಚಿತ್ರ ಕಾಣುವುದಿಲ್ಲ, ಅಕ್ಷರ ಬರುವುದಿಲ್ಲ. ಅದಕ್ಕೆ ತಿಳಿಯುವುದು ತೂತು ಮಾತ್ರ. ತೂತಿದ್ದ ಕಡೆ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಲಾಳಿ ಒಂದು ಸಲ ಆಚೆಯಿಂದ ಈಚೆಗೆ ಬರುವುದಕ್ಕೆ ಒಂದು ಕಾರ್ಡು. ಸೆರಗಿನ ಮೇಲೆ ಹಕ್ಕಿಯೊಂದು ಬಂದು ಕೂರಬೇಕೆಂದರೆ ಕಾರ್ಡುಗಳ ದೊಡ್ಡ ಮಾಲೆಯೇ ಬೇಕು.

ಮೊದಲು ಈ ಕೆಲಸ ಚೈತ್ರಳ ಅಪ್ಪ ಪಿಳ್ಳಪ್ಪನದಾಗಿತ್ತು. ಅದೇ ತಾಲೂಕಿನ ಮಧುರೆ ಕಡೆಯ ಹೊಲಮನೆಯವನು, ಪೇಟೆಗೆ ಬಂದು ಕಾರ್ಡು ತೂತು ಹಾಕುವ ಕಾಲುಮಿಷನ್ನಿನ ಮುಂದೆ ಕೂತಿದ್ದ. ಹೆಂಡತಿ ಮುನಿತಾಯಮ್ಮ ಪಕ್ಕದಲ್ಲಿ ಗ್ರಾಫ್ ಕಾಗದ ಹರಡಿಕೊಂಡು, ಚೌಕಗಳ ಮೇಲೆ ಬೆರಳಿಟ್ಟು ಓದಿ ಹೇಳುತ್ತಿದ್ದಳು. "ಎರಡು ಬಿಡು, ಮೂರು ತಗೋ, ಒಂದು ಬಿಡು, ಎರಡು ತಗೋ." ಪಿಳ್ಳಪ್ಪ ಬೆರಳಿನಿಂದ ಕೀಲಿಗಳನ್ನು ಒತ್ತಿ, ಕಾಲಿನಿಂದ ತುಳಿದು, "ಹೂಂ" ಎನ್ನುತ್ತಿದ್ದ. ಆ ಹೂಂ ಕೇಳಿದ ಮೇಲೇ ಮುನಿತಾಯಮ್ಮನ ಬೆರಳು ಮುಂದಿನ ಚೌಕಗಳಿಗೆ ಜರುಗುತ್ತಿದ್ದದ್ದು. ಚೈತ್ರ ತೊಟ್ಟಿಲಲ್ಲಿ ಕೇಳಿದ ಜೋಗುಳ ಅದೇ.

ಕಾಂತರಾಜು ರಾಜಘಟ್ಟದವನು, ಡಿಪ್ಲೊಮಾ ಓದಿ ಟೀವಿ, ಸ್ಟೆಬಿಲೈಸರ್ ರಿಪೇರಿ ಮಾಡಿಕೊಂಡಿದ್ದವನು. ಮದುವೆಯಾಗಿ ಬಂದವನು ಅತ್ತೆಯ ಗಂಟಲನ್ನೂ ಮಾವನ ಮಂಡಿಯನ್ನೂ ನೋಡಿ, ತಾನೇ ಒಂದು ವಿದ್ಯುತ್ ಮಿಷನ್ ಕಟ್ಟಿದ. ಕಂಪ್ಯೂಟರಿನಿಂದ ಪ್ರಿಂಟರಿಗೆ ಹೋಗುವ ಕೇಬಲ್ ಇದೆಯಲ್ಲ, ಅದರಲ್ಲಿ ಮಾಹಿತಿ ಹೊರುವ ತಂತಿಗಳು ಎಂಟು. ಕಾರ್ಡಿನ ಅಡ್ಡಸಾಲಿಗೂ ತೂತುಗಳು ಎಂಟು. "ಯಾರೋ ನಮ್ಮೂರ ಕಾರ್ಡು ನೋಡ್ಕೊಂಡೇ ಈ ಕೇಬಲ್ ಮಾಡಿರ್ಬೇಕು ಮಾವ" ಎಂದು ಅವನು ಕುಣಿದಾಡಿಬಿಟ್ಟಿದ್ದ. ಪುಟ್ಟ ಮೋಟರೊಂದು ಕಾರ್ಡನ್ನು ನಿಲ್ಲದೆ ಒಂದೇ ವೇಗದಲ್ಲಿ ಮುಂದಕ್ಕೆ ಎಳೆಯುತ್ತಿತ್ತು. ಕಂಪ್ಯೂಟರು ಹೊತ್ತು ಎಣಿಸಿಕೊಂಡು, ಸರಿಯಾದ ಗಳಿಗೆಗೆ ಸೂಜಿಗಳನ್ನು ಒತ್ತುತ್ತಿತ್ತು. ಟಕ್ ಟಕ್ ಟಕ್.

ತೊಂದರೆ ಇದ್ದದ್ದು ಕಂಪ್ಯೂಟರಿನ ಸ್ವಭಾವದಲ್ಲಿ. ಅದರೊಳಗೆ ಕೂತು ಯಜಮಾನಿಕೆ ಮಾಡುತ್ತಿದ್ದ ಆಪರೇಟಿಂಗ್ ಸಿಸ್ಟಂ ಹಳೆಯ ಡಾಸ್. ಅದಕ್ಕೆ ಎರಡು ಹಠ. ಒಂದು ಸಲಕ್ಕೆ ಒಂದೇ ಕೆಲಸ ಮಾಡುತ್ತಿತ್ತು. ಕಾಂತರಾಜು ತೂತು ಹಾಕುತ್ತಿದ್ದರೆ ಚೈತ್ರ ಬಿಡಿಸುವ ಹಾಗಿಲ್ಲ, ಚೈತ್ರ ಬಿಡಿಸುತ್ತಿದ್ದರೆ ಮಿಷನ್ ಮಲಗಿರಬೇಕು. ಇನ್ನೊಂದು, ಅದರ ನೆನಪು ಚಿಕ್ಕದು. ಇಡೀ ಸೆರಗನ್ನು ಒಟ್ಟಿಗೆ ತೆರೆಯಲು ಹೋದರೆ ಮೆಮೊರಿ ಸಾಲದು ಎಂದು ಕೈ ಚೆಲ್ಲುತ್ತಿತ್ತು. ಹಾಗಾಗಿ ಸೆರಗನ್ನು ನಾಲ್ಕು ತುಂಡು ಮಾಡಿ ಬಿಡಿಸಬೇಕಿತ್ತು. ಒಂದು ತುಂಡು ಬಿಡಿಸುವಾಗ ಪಕ್ಕದ ತುಂಡು ಕಣ್ಣಿಗೆ ಕಾಣದು. ಎಷ್ಟೇ ಜೋಪಾನ ಮಾಡಿದರೂ ನೇಯ್ದಾಗ ತುಂಡು ತುಂಡು ಕೂಡುವ ಕಡೆ ಸಣ್ಣದೊಂದು ಗೆರೆ ಬಿದ್ದೇ ಬೀಳುತ್ತಿತ್ತು.

ಸಾಮಾನ್ಯದ ಮಾವಿನಕಾಯಿ ಸೆರಗಿನಲ್ಲಿ ಈ ಗೆರೆಯನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಚೈತ್ರ ಬಿಡಿಸಲು ಹೊರಟದ್ದು ಮಾವಿನಕಾಯಿಯಲ್ಲ, ರಾಜಘಟ್ಟದ ಕೆರೆ. ಗಂಡನ ಊರಿಗೆ ಹೋದಾಗಲೆಲ್ಲ ಏರಿಯ ಮೇಲೆ ಕೂತು ನೋಡಿದ ಕೆರೆ. ಒಂದು ಕೊನೆಯಲ್ಲಿ ಜೊಂಡು, ನಡುವೆ ಕೊಕ್ಕರೆಗಳು, ಇನ್ನೊಂದು ಕೊನೆಯಲ್ಲಿ ನೀರುಕೋಳಿ ಮರಿಗಳ ಸಾಲು. ಒಂದು ಹಕ್ಕಿಯಂತೆ ಇನ್ನೊಂದಿಲ್ಲ. ನೀರಿನ ಅಲೆ ಸೆರಗಿನ ಈ ತುದಿಯಿಂದ ಆ ತುದಿಗೆ ಎಲ್ಲೂ ಮುರಿಯದೆ ಹರಿಯಬೇಕು. ಇಲ್ಲಿಯವರೆಗೆ ಅವಳು ಬಿಡಿಸಿದ್ದೆಲ್ಲ ಇನ್ಯಾರದೋ ಡಿಸೈನಿನ ನಕಲು. ಇದು ಅವಳದೇ.

ಮಗ್ಗದ ಯಜಮಾನ ಮುನಿಶಾಮಪ್ಪ ಕಾಗದದ ಮೇಲಿನ ಕೆರೆಯನ್ನು ಕನ್ನಡಕ ಏರಿಸಿ ನೋಡಿ, ಇಳಿಸಿ ನೋಡಿ, ಒಂದು ಮಾತು ಹೇಳಿದ್ದ.

"ನೋಡು ತಾಯಿ, ಅಮಾವಾಸ್ಯೆ ಕಳೆದ ಮೇಲೆ ಒಂದು ಮಗ್ಗಕ್ಕೆ ಉದ್ದೆಳೆಯ ಹೊಸ ಹಾಸು ಏರಿಸ್ತೀನಿ. ಎಳೆ ಕೂಡಿಸೋಕೆ ಎರಡು ದಿನ. ಅಷ್ಟರಲ್ಲಿ ಕಾರ್ಡು ತಂದ್ರೆ ಆ ಹಾಸು ಪೂರ್ತಿ ನಿನ್ ಕೆರೆ. ತರ್ಲಿಲ್ವಾ, ಹಳೇ ಮಾವಿನಕಾಯಿ. ಇನ್ನೊಂದು. ನಡುವೆ ಗೆರೆ ಕಂಡ್ರೆ ನಾನು ಮುಟ್ಟಲ್ಲ. ಕೆರೆಗೆ ಯಾರಾದ್ರೂ ಬೇಲಿ ಹಾಕ್ತಾರಾ?"

*

ಆ ಭಾನುವಾರ ವೇಣುಗೋಪಾಲ್ ಬೆಂಗಳೂರಿನ ಬಸ್ಸಿಳಿದು ಬಂದ. ಕಾಂತರಾಜುವಿನ ಡಿಪ್ಲೊಮಾ ಕಾಲದ ಗೆಳೆಯ, ಈಗ ಅಲ್ಲಿನ ಕಚೇರಿಯೊಂದರಲ್ಲಿ ಪ್ರೋಗ್ರಾಂ ಬರೆಯುವವನು. ಬಾಯಿ ಒಂದು ಗಳಿಗೆ ಸುಮ್ಮನಿರದು. ಕೈಯಲ್ಲಿ ಟಿಫನ್ ಕ್ಯಾರಿಯರ್.

"ಊಟ ಕಟ್ಕೊಂಡ್ ಬಂದಿದೀಯಲ್ಲೋ, ನಮ್ಮನೇಲಿ ಇಕ್ಕಲ್ಲ ಅಂತಲಾ?" ಎಂದಳು ಮುನಿತಾಯಮ್ಮ.

"ಊಟ ಅಲ್ಲಮ್ಮಾ, ಅದಕ್ಕಿಂತ ರುಚಿ" ಎಂದು ವೇಣು ಮುಚ್ಚಳ ತೆಗೆದ. ಒಳಗೆ ಫ್ಲಾಪಿಗಳು, ಬಾಳೆಲೆಯ ಬದಲು ಹತ್ತಿಬಟ್ಟೆ ಸುತ್ತಿ ಜೋಡಿಸಿದ್ದವು. ಮೇಲಿನ ಬಟ್ಟಲಲ್ಲಿ ಹೊಸ ಮೆಮೊರಿ ಚಿಪ್ಪುಗಳು. "ಬಸ್ಸಲ್ಲಿ ಯಾರಾದ್ರೂ ಇದರ ಮೇಲೆ ಕೂತ್ಬಿಟ್ರೆ ಅಂತ. ಗುರು, ನೀನು ಹೇಳಿ ತರಿಸಿದ್ದು. ವಿಂಡೋಸ್ ತೊಂಬತ್ತೈದು."

ಫ್ಲಾಪಿ ಒಂದಾದ ಮೇಲೊಂದು ಒಳಗೆ ಹೋಗುತ್ತ ಬರುತ್ತ ಮಧ್ಯಾಹ್ನವಾಯಿತು. ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ಪರದೆಯ ಮುಂದೆಯೇ ಕೂತರು. ಬೂದು ಬಣ್ಣದ ಪಟ್ಟಿ ಕಾಣಿಸಿತು, ಅದರ ಮೂಲೆಯಲ್ಲೊಂದು ಗುಂಡಿ. ವೇಣು ಮೊದಲು ತೋರಿಸಿದ್ದು ಹೆಸರಿಡುವ ಸಂಗತಿ. ಡಾಸ್‌ನಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ. ಚೈತ್ರಳ ಹಕ್ಕಿಗಳೆಲ್ಲ ಸ್ವರ ಕಳಚಿಕೊಂಡು, ಬಾಲಕ್ಕೆ ಅಂಕಿ ಅಂಟಿಸಿಕೊಂಡು, ಯಾವುದು ಯಾವುದೆಂದು ಅವಳಿಗೇ ತಿಳಿಯದ ಸ್ಥಿತಿಯಲ್ಲಿದ್ದವು. ಹೊಸದರಲ್ಲಿ ಉದ್ದಕ್ಕೆ ಬರೆಯಬಹುದು. ಅವಳು ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಹೊಡೆದಳು: ‘ಕೊಕ್ಕರೆ ಕುತ್ತಿಗೆ ಸರಿಮಾಡಿದ್ದು ಇದೇ ಕೊನೆ’. ಕಂಪ್ಯೂಟರು ಚಕಾರವೆತ್ತದೆ ಒಪ್ಪಿಕೊಂಡಿತು.

"ನಾಳೆ ‘ಇದೇ ಕೊನೆ ಆಣೆಗೂ’ ಅಂತ ಇನ್ನೊಂದು ಬರುತ್ತೆ, ನೋಡ್ತಿರು" ಎಂದ ಕಾಂತರಾಜು.

ಆಮೇಲೆ ವೇಣು ಒಂದು ಸೌಂಡ್ ಕಾರ್ಡನ್ನು ತೆಗೆದು ಕಂಪ್ಯೂಟರಿನ ಹೊಟ್ಟೆಯೊಳಗೆ ಸಿಕ್ಕಿಸಿ, ಮತ್ತೆ ಶುರುಮಾಡಿದ. ಇಂಥದ್ದನ್ನು ಹಾಕಿದರೆ ಮೊದಲು ಪಿನ್ನುಗಳನ್ನು ಅದಲುಬದಲು ಮಾಡಿ, ಯಾವ ನಂಬರಿಗೆ ಯಾವುದು ತಾಗುತ್ತದೆಂದು ತಡಕಾಡಿ, ಅರ್ಧ ದಿನ ಕಳೆಯಬೇಕಿತ್ತು. ಈಗ ಪರದೆಯ ಮೇಲೆ ಹೊಸ ಸಾಮಾನೊಂದು ಸಿಕ್ಕಿದೆ ಎಂಬ ಮಾತು ತಾನಾಗಿ ಮೂಡಿತು, ಅದರ ಹೆಸರನ್ನೂ ಅದೇ ಹೇಳಿತು.

ಕಾಂತರಾಜುವಿನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. "ನಾನೇನೂ ಹೇಳ್ಲಿಲ್ಲ ಕಣೋ. ಅದೇ ಕಂಡ್ಕೊಂಡ್ತು."

"ಹೊಸ್ತಿಲಿಗೆ ಬಂದ ನೆಂಟನ್ನ ಅದೇ ಮಾತಾಡಿಸುತ್ತೆ ಗುರು. ನೀನು ಪರಿಚಯ ಮಾಡಿಸ್ಬೇಕಾಗಿಲ್ಲ."

ಅಷ್ಟು ಸಾಕಾಯಿತು. ಕಾಂತರಾಜು ಕೈ ತೊಳೆದುಕೊಂಡು ಓಡಿ, ತನ್ನ ತೂತಿನ ಮಿಷನ್ನಿನ ಕೇಬಲನ್ನು ಸಿಕ್ಕಿಸಿ, ಕಂಪ್ಯೂಟರನ್ನು ಮತ್ತೆ ಶುರುಮಾಡಿ ಕಾದ. ಅದು ಏನೂ ಹೇಳಲಿಲ್ಲ. ಮತ್ತೊಂದು ಸಲ ಮಾಡಿದ. ಏನೂ ಇಲ್ಲ.

"ಎಲ್ರನ್ನೂ ಮಾತಾಡಿಸ್ತು. ನನ್ ಮಿಷನ್ ಮಾತ್ರ ಗುರುತು ಸಿಗ್ಲಿಲ್ಲ ಇವನಿಗೆ" ಎಂದ, ಮುಖ ಸಪ್ಪಗೆ ಮಾಡಿಕೊಂಡು.

"ಗುರುತು ಸಿಗ್ಬೇಕಾದ್ರೆ ಕೇಳಿದಾಗ ಅದು ತನ್ ಹೆಸರು ಹೇಳ್ಬೇಕಪ್ಪ. ನಿನ್ ಮಿಷನ್‌ಗೆ ಬಾಯೆಲ್ಲೈತೆ? ಹೇಳಿದ್ದು ಮಾಡುತ್ತೆ, ಅಷ್ಟೇ. ಬಿಡು, ಅದು ಗುರುತಿಸ್ದೇ ಹೋದ್ರೂ ನನ್ ಪ್ರೋಗ್ರಾಂ ಗುರುತಿಸುತ್ತೆ. ನಿನ್ ಹಳೇ ಪ್ರೋಗ್ರಾಂನ ಹೊಸದಕ್ಕೆ ಹೊಂದಿಸ್ಕೊಂಡ್ ಬಂದಿದೀನಿ."

ಇದಾದ ಮೇಲೆ ಚೈತ್ರ ಕಾಯುತ್ತಿದ್ದ ಗಳಿಗೆ ಬಂತು. ಕೆರೆಯ ನಾಲ್ಕು ತುಂಡುಗಳನ್ನು ಒಂದಕ್ಕೊಂದು ಕೂಡಿಸಿ, ಚಿತ್ರ ಬಿಡಿಸುವ ಪ್ರೋಗ್ರಾಮಿನಲ್ಲಿ ಒಟ್ಟಿಗೆ ತೆರೆದಳು. ಡಿಸ್ಕು ಒಳಗೆ ಗೊರಗೊರ ಎಂದಿತು. ಮೆಮೊರಿ ಸಾಲದೆ ಹೋದರೆ ಈಗ ಅದು ಕೈ ಚೆಲ್ಲುವುದಿಲ್ಲ, ಉಳಿದದ್ದನ್ನು ಡಿಸ್ಕಿನ ಮೇಲೆ ಇಟ್ಟುಕೊಂಡು ಸುಧಾರಿಸುತ್ತದೆ ಎಂದ ವೇಣು. ಕೆರೆ ಬಂತು. ಜೊಂಡಿನಿಂದ ನೀರುಕೋಳಿಯವರೆಗೆ, ಅರ್ಧ ಬಿಡಿಸಿದ್ದು, ಅರ್ಧ ಬರೀ ಗೀಟು. ಆದರೂ ಇಡಿಯಾಗಿ ಬಂತು. ಹಿಂದೆ ತುಂಡು ಮಾಡಿದ್ದ ಕಡೆ ಅಲೆಗಳು ಒಂದಕ್ಕೊಂದು ತಪ್ಪಿ ನಿಂತಿದ್ದು ಅವಳಿಗೆ ಕಂಡಿತು. ಮೌಸ್ ಹಿಡಿದು, ಚೌಕ ಚೌಕವಾಗಿ ತಿದ್ದಿದಳು. ಗೆರೆ ಮಾಯವಾಯಿತು. ಅವಳು ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ನೋಡುತ್ತಲೇ ಕೂತಳು.

"ಇನ್ನೂ ಐತೆ ಅತ್ತಿಗೆ" ಎಂದು ವೇಣು ಪರದೆಯ ಇನ್ನೊಂದು ಮಗ್ಗುಲಲ್ಲಿ ತೂತಿನ ಪ್ರೋಗ್ರಾಮನ್ನು ತೆರೆದು, ಬಿಡಿಸಿ ಮುಗಿದಿದ್ದ ಅರ್ಧ ಕೆರೆಯನ್ನು ಅದಕ್ಕೆ ಕೊಟ್ಟ. ಮಿಷನ್ ಟಕ್ ಟಕ್ ಎಂದು ಹೊರಟಿತು. "ಈಗ ನೀವು ಬಿಡಿಸಿ."

"ಅದು ನಡೀತಾ ಇದೆಯಲ್ಲ?"

"ನಡೀಲಿ. ನೀವು ಬಿಡಿಸಿ."

ಚೈತ್ರ ಮೌಸ್ ಹಿಡಿದು ನೀರುಕೋಳಿಯ ಬೆನ್ನು ತುಂಬತೊಡಗಿದಳು. ಹಿಂದೆ ಟಕ್ ಟಕ್ ನಿಲ್ಲಲಿಲ್ಲ. ಒಂದೇ ಕಂಪ್ಯೂಟರು, ಎರಡು ಕೆಲಸ. ಬಾಗಿಲಲ್ಲಿ ಒರಗಿ ನಿಂತಿದ್ದ ಕಾಂತರಾಜುವಿಗೆ ಕುರ್ಚಿ ಕೇಳುವ ಕಾರಣವೇ ಹೋಯಿತು.

ಪಿಳ್ಳಪ್ಪನಿಗೆ ಮಾತ್ರ ಒಗಟು ಬಿಡಲಿಲ್ಲ. "ಒಂದೇ ತಲೆ ಐತೆ ಅಂತೀಯ. ಎರಡು ಕೆಲ್ಸ ಹೆಂಗಪ್ಪಾ ಮಾಡ್ತೈತೆ?"

"ಮದುವೆ ಮನೇಲಿ ಬಡಿಸೋನ್ನ ನೋಡಿದೀರಲ್ಲ? ಒಂದೇ ಬಕೆಟ್ಟು, ಒಂದೇ ಸೌಟು. ಈ ಎಲೆಗೆ ಒಂದು ಸೌಟು, ಆ ಎಲೆಗೆ ಒಂದು ಸೌಟು. ಓಡಾಡ್ತಾನೇ ಇರ್ತಾನೆ. ಊಟಕ್ಕೆ ಕೂತೋರಿಗೆ ನಂಗೊಬ್ಬಂಗೇ ಬಡಿಸ್ತಾವ್ನೆ ಅನ್ಸುತ್ತೆ."

"ಒಬ್ಬ ಇನ್ನಷ್ಟು ಹಾಕು ಅಂತ ಕೈ ಹಿಡ್ಕೊಂಡ್ರೆ?" ಎಂದಳು ಮುನಿತಾಯಮ್ಮ.

"ಹಿಡ್ಕೊಂಡ್ರೂ ಇವನು ನಿಲ್ಲಲ್ಲಮ್ಮಾ. ಗಡಿಯಾರ ನೋಡ್ಕೊಂಡು, ಕೈ ಕೊಸರ್ಕೊಂಡು ಮುಂದಿನ ಎಲೆಗೆ ಹೋಗ್ತಾನೆ. ಅದೇ ಇದರ ವಿಶೇಷ."

*

ಆ ವಾರ ಚೈತ್ರಳ ಕಾಲು ನೆಲದ ಮೇಲಿರಲಿಲ್ಲ. ಮುಂದೆ ಕೆರೆ ಬೆಳೆಯುತ್ತಿತ್ತು, ಹಿಂದೆ ಕಾರ್ಡು ಬೆಳೆಯುತ್ತಿತ್ತು. ಅರ್ಧ ಕೆರೆಯ ಕಾರ್ಡು ಮುಗಿದಾಗ ಮುನಿಶಾಮಪ್ಪನ ಶೆಡ್ಡಿನಲ್ಲಿ ಹಳೆಯ ಹಾಸು ಇನ್ನೂ ಮೊಳದಷ್ಟು ಉಳಿದಿತ್ತು. "ಅದರ ಮೇಲೆ ಒಂದು ಮಾದರಿ ನೋಡ್ಬಿಡಾನ" ಎಂದ ಮುನಿಶಾಮಪ್ಪ. ಅಮಾವಾಸ್ಯೆಯ ಹಿಂದಿನ ದಿನ ಕಾರ್ಡಿನ ಮಾಲೆಯನ್ನು ಮಗ್ಗಕ್ಕೆ ಏರಿಸಿದರು.

ಜೊಂಡು ಚೆಂದವಾಗಿ ಎದ್ದಿತು. ಗೆರೆ ಬೀಳುತ್ತಿದ್ದ ಜಾಗ ದಾಟಿತು, ಗೆರೆ ಇರಲಿಲ್ಲ. ಚೈತ್ರ ಗಂಡನ ತೋಳು ಹಿಡಿದುಕೊಂಡಳು. ಆಮೇಲೆ ಕೊಕ್ಕರೆ ಬರತೊಡಗಿತು. ಕಾಲು ಅರ್ಧ ಬಂದು, ಇದ್ದಕ್ಕಿದ್ದಂತೆ ಪಕ್ಕಕ್ಕೆ ಹಾರಿ, ಮತ್ತೆ ಸರಿಯಾಯಿತು. ಬೆರಳಗಲ ಸರಿಯಾಗಿ ಬಂದು, ಕುತ್ತಿಗೆಯಲ್ಲಿ ಮತ್ತೆ ಅದೇ. ಬಟ್ಟೆಯ ಉದ್ದಕ್ಕೂ ಅಲ್ಲಲ್ಲಿ ಇಂಥ ಪಟ್ಟಿಗಳು. ಒಂದಕ್ಕೂ ಇನ್ನೊಂದಕ್ಕೂ ನಡುವಿನ ಅಂತರದಲ್ಲಿ ಒಂದು ಕ್ರಮವಿಲ್ಲ.

ಮುನಿಶಾಮಪ್ಪ ಮಗ್ಗ ನಿಲ್ಲಿಸಿ ಬಗ್ಗಿ ನೋಡಿದ. "ಪಿಳ್ಳಪ್ಪನ ಮಗಳೇ, ನಿನ್ ಕೊಕ್ಕರೆ ಕಾಲು ಮುರ್ಕೊಂಡೈತಲ್ಲ ತಾಯಿ. ಆಸ್ಪತ್ರೆಗೆ ಸೇರಿಸ್ಬೇಕಾ, ಕೆರೆಗೆ ಬಿಡ್ಬೇಕಾ?"

ನೇಯುವವರು ನಕ್ಕರು.

"ಮಾತು ಮಾತೇ" ಎಂದ ಮುನಿಶಾಮಪ್ಪ, ದನಿ ಸ್ವಲ್ಪ ಇಳಿಸಿ. "ಅಮಾವಾಸ್ಯೆ ಕಳೆದು ಎಳೆ ಕೂಡಿಸೋ ತನಕ ಕಾಯ್ತೀನಿ. ಆಮೇಲೆ ಮಾವಿನಕಾಯಿ."

ಮನೆಗೆ ಬಂದ ಮೇಲೆ ಕಾಂತರಾಜು ಮಿಷನ್ನಿನ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದ, ಸೂಜಿಗಳನ್ನು ಒರೆಸಿದ, ಏನೂ ಸಿಗಲಿಲ್ಲ. "ಡಾಸ್‌ನಲ್ಲಿ ಒಂದು ದಿನವೂ ಹಿಂಗಾಗಿರ್ಲಿಲ್ಲ. ಡಾಸ್‌ಗೇ ಹೋಗಿ ತೂತು ಹಾಕ್ಬಿಡೋಣ ಕಣೇ."

"ಆಗ ನಾನೆಲ್ಲಿ ಬಿಡಿಸ್ಲಿ? ನಿಮ್ಮ ಬೆನ್ ಮೇಲಾ? ಇನ್ನೂ ಅರ್ಧ ಕೆರೆ ಬಾಕಿ ಇದೆ. ನೀವು ತೂತು ಹಾಕಿ ಎದ್ದು, ನಾನು ಬಿಡಿಸಿ ಎದ್ದು, ನೀವು ಮತ್ತೆ ಕೂತು. ಅಷ್ಟರಲ್ಲಿ ಮುನಿಶಾಮಪ್ಪ ಮಾವಿನಕಾಯಿ ನೇಯ್ದು ಉಪ್ಪಿನಕಾಯಿ ಹಾಕಿರ್ತಾರೆ."

ಅವಳು ಹೇಳಿದ್ದು ಸರಿಯಾಗಿತ್ತು. ಎರಡೂ ಒಟ್ಟಿಗೆ ನಡೆದರೆ ಮಾತ್ರ ಕೆರೆ ಹೊತ್ತಿಗೆ ಸರಿಯಾಗಿ ಮಗ್ಗ ಮುಟ್ಟುತ್ತಿತ್ತು.

*

ಮರುದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಆ ಊರಿನಲ್ಲಿ ಯಾರೂ ಮಗ್ಗ ಮುಟ್ಟುವುದಿಲ್ಲ. ಮಗ್ಗ ತೊಳೆದು, ಅರಿಶಿನ ಕುಂಕುಮವಿಟ್ಟು, ಕಾಯಿ ಒಡೆದು ಬಿಟ್ಟುಬಿಡುತ್ತಾರೆ. ಬೀದಿಗೆ ಬೀದಿಯೇ ನಿಶ್ಶಬ್ದ. ಬೇರೆ ದಿನ ಕೇಳದ ಕಾಗೆ, ಕೊಡದ ಸದ್ದು, ಪಕ್ಕದ ಮನೆಯ ಒಗ್ಗರಣೆ ಎಲ್ಲ ಕೇಳುತ್ತದೆ. ಕಂಪ್ಯೂಟರು ಮಗ್ಗವಲ್ಲವಾದ್ದರಿಂದ ಅದಕ್ಕೆ ಕುಂಕುಮವಿಟ್ಟು ಕೆಲಸ ಮುಂದುವರಿಸಬಹುದೆಂದು ಮುನಿತಾಯಮ್ಮ ತೀರ್ಪು ಕೊಟ್ಟಿದ್ದಳು.

ಚೈತ್ರ ಹಟದಿಂದ ನೀರುಕೋಳಿ ಮರಿಗಳನ್ನು ಬಿಡಿಸುತ್ತ ಕೂತಳು. ಹಿಂದೆ ಕಾಂತರಾಜು ಪರೀಕ್ಷೆಗೆಂದು ಹಾಳು ರಟ್ಟುಗಳ ಮೇಲೆ ತೂತು ಹಾಕಿಸುತ್ತಿದ್ದ. ಟಕ್ ಟಕ್ ಟಕ್ ಟಕ್. ಅವಳು ಮರಿಯೊಂದನ್ನು ಪೂರ್ತಿ ಎತ್ತಿ ಪಕ್ಕಕ್ಕೆ ಎಳೆದಳು. ಟಕ್ ಟ... ಕ್ ಟಕ್.

ಅವಳ ಕೈ ನಿಂತಿತು. ಮತ್ತೆ ಎಳೆದಳು. ಮಿಷನ್ ಮತ್ತೆ ತೊದಲಿತು. ಇಷ್ಟು ದಿನ ಸುತ್ತಲಿನ ಮಗ್ಗಗಳ ಸದ್ದಿನಲ್ಲಿ ಈ ತೊದಲು ಯಾರ ಕಿವಿಗೂ ಬಿದ್ದಿರಲಿಲ್ಲ.

"ರೀ, ಇಲ್ಲಿ ಬನ್ನಿ. ಕಣ್ ಮುಚ್ಕೊಂಡು ಕೇಳಿ. ನಾನು ಎಳೀತೀನಿ."

ಕಾಂತರಾಜು ಕಣ್ಣು ಮುಚ್ಚಿ ನಿಂತ. ಅವಳು ಎಳೆದಳು. ಅವನು ಕಣ್ಣು ಬಿಟ್ಟ. "ಇನ್ನೊಂದ್ ಸಲ." ಎಳೆದಳು. "ಈಗ ಕೈ ತೆಗಿ." ತೆಗೆದಳು. ಸದ್ದು ನೆಟ್ಟಗಾಯಿತು. ಇಬ್ಬರೂ ಮುಖ ಮುಖ ನೋಡಿಕೊಂಡು ಕೈ ಕಟ್ಟಿ ಕೂತರು. ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗಿ, ಯಾರೂ ಮುಟ್ಟದ ಕಂಪ್ಯೂಟರು ತಾನಾಗಿಯೇ ಚಿತ್ತಾರ ಹಾರಿಸಲು ಶುರುಮಾಡಿತು. ಮಿಷನ್ ಮೊದಲಿಗಿಂತ ಜೋರಾಗಿ ತೊದಲಿತು.

"ಬಡಿಸೋನು" ಎಂದ ಕಾಂತರಾಜು. "ಬಡಿಸೋನು ನಿನ್ ಎಲೆ ಹತ್ರ ಒಂದ್ ಸೌಟು ಜಾಸ್ತಿ ಹೊತ್ತು ನಿಂತ ಕಣೇ. ಇಲ್ಲಿಗೆ ಬರೋದು ಚೂರು ತಡ ಆಯ್ತು. ಊಟದೋನು ಕಾಯ್ತಾನೆ. ನನ್ ಮೋಟರು ಕಾಯಲ್ಲ, ಕಾರ್ಡ್ ಎಳ್ಕೊಂಡು ಹೋಗ್ತಾನೇ ಇರುತ್ತೆ. ತೂತು ಮುಂದಿನ ಮನೆಗೆ ಬೀಳುತ್ತೆ. ಡಾಸ್‌ನಲ್ಲಿ ಇಡೀ ಕಂಪ್ಯೂಟರು ನನ್ನೊಬ್ಬಂದೇ ಆಗಿತ್ತಲ್ಲ, ಹೊತ್ತು ಎಣಿಸ್ಕೊಂಡ್ ಕೂತಿದ್ರೂ ನಡೀತಿತ್ತು."

"ಹಂಗಾದ್ರೆ ತಪ್ಪು ಹೊಸದರದ್ದಲ್ಲ."

"ನಮ್ದೇ. ಹಳೇ ಅಭ್ಯಾಸನ ಹೊಸ ಮನೆಗೆ ಹೊತ್ಕೊಂಡ್ ಬಂದ್ವಿ."

ಕಾರಣ ಸಿಕ್ಕಿತ್ತು, ಅದನ್ನು ಸರಿಮಾಡುವ ದಾರಿ ಸಿಕ್ಕಿರಲಿಲ್ಲ. ಕಾಂತರಾಜು ಮೋಟರಿನ ವೇಗ ಇಳಿಸಿ ನೋಡಿದ. ತೊದಲು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಅತ್ತ ಪಡಸಾಲೆಯಲ್ಲಿ ಪಿಳ್ಳಪ್ಪ ಸುಮ್ಮನೆ ಕೂರಲಾರದೆ ಹಳೆಯ ಕಾಲುಮಿಷನ್ನಿನ ಧೂಳು ಹೊಡೆದಿದ್ದ. ಕೆಟ್ಟುಹೋದ ಕಾರ್ಡುಗಳಲ್ಲಿ ಆದಷ್ಟನ್ನಾದರೂ ಕೈಯಲ್ಲೇ ಮಾಡಿಕೊಡುತ್ತೇನೆಂದು ಹೆಂಡತಿಯನ್ನು ಕೂರಿಸಿಕೊಂಡಿದ್ದ.

"ಒಂದು ಬಿಡು, ನಾಕು ತಗೋ, ಮೂರು ಬಿಡು."

"ಹೂಂ."

"ಎರಡು ತಗೋ, ಆರು ಬಿಡು."

ಹೂಂ ಬರಲಿಲ್ಲ. ಬೀದಿಯ ಮೇಕೆಯೊಂದು ಒಳಗೆ ನುಗ್ಗಿ ಪೂಜೆಯ ಬಾಳೆಕಂದಿಗೆ ಬಾಯಿ ಹಾಕಿತ್ತು. ಪಿಳ್ಳಪ್ಪ ಎದ್ದು, "ಥೂ ನಿನ್ನ" ಎಂದು ಅದನ್ನು ಬೀದಿಯ ಕೊನೆಯವರೆಗೆ ಅಟ್ಟಿ, ಅಲ್ಲಿ ಯಾರದೋ ಜೊತೆ ನಿಂತು ಮಾತಾಡಿ, ನಿಧಾನಕ್ಕೆ ಹಿಂದಿರುಗಿ, ಪಂಚೆ ಸರಿಮಾಡಿಕೊಂಡು ಕೂತ. ಕೀಲಿ ಒತ್ತಿ, ತುಳಿದು, "ಹೂಂ" ಎಂದ. ಇಷ್ಟು ಹೊತ್ತೂ ಮುನಿತಾಯಮ್ಮನ ಬೆರಳು ಅದೇ ಚೌಕದ ಮೇಲೆ ಇತ್ತು. ಈಗ ಮುಂದಕ್ಕೆ ಜರುಗಿತು. "ಎಂಟೂ ತಗೋ."

ಕಾಫಿ ಕೊಡಲು ಬಂದಿದ್ದ ಚೈತ್ರ ಲೋಟಗಳನ್ನು ಹಿಡಿದಂತೆಯೇ ನಿಂತುಬಿಟ್ಟಳು. ಹುಟ್ಟಿದಾಗಿನಿಂದ ಕೇಳಿದ್ದು ಇದು, ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ. ಅಪ್ಪ ಮೇಕೆ ಅಟ್ಟಲಿ, ಊರೆಲ್ಲ ಸುತ್ತಿ ಬರಲಿ, ಅಮ್ಮನಿಗೆ ಹೊತ್ತಿನ ಹಂಗಿಲ್ಲ. ಹೂಂ ಬಂದರೆ ಮುಂದಕ್ಕೆ, ಬಾರದಿದ್ದರೆ ಅಲ್ಲೇ. ಕೆಲಸ ತಡವಾಗಬಹುದು, ತಪ್ಪಾಗುವುದಿಲ್ಲ.

"ರೀ" ಎಂದು ಅವಳು ಒಳಗೆ ಓಡಿದಳು. ಕಾಫಿ ಅರ್ಧ ಚೆಲ್ಲಿತ್ತು. "ನಿಮ್ ಮಿಷನ್ ಹೂಂ ಅನ್ನಲ್ಲ."

"ಏನನ್ನಲ್ಲ?"

"ಹೂಂ. ಕಂಪ್ಯೂಟರ್ ಹೇಳ್ತಾ ಹೋಗುತ್ತೆ, ನಿಮ್ ಮಿಷನ್ ತನ್ ಪಾಡಿಗೆ ಓಡ್ತಾ ಹೋಗುತ್ತೆ. ಒಬ್ರಿಗೊಬ್ರು ಕಾಯಲ್ಲ. ಅಪ್ಪ ಅಮ್ಮ ಹಂಗಾ ಮಾಡೋದು? ಕಾರ್ಡ್ ಒಂದು ಹೆಜ್ಜೆ ಇಟ್ಟು ನಿಲ್ಲಲಿ. ಸೂಜಿ ಒತ್ತಿ ಆದ್ಮೇಲೆ ಮಿಷನ್ನೇ ಹೂಂ ಅನ್ಲಿ. ಹೂಂ ಬಂದ್ರೆ ಮಾತ್ರ ಕಂಪ್ಯೂಟರು ಮುಂದಿಂದು ಹೇಳ್ಲಿ. ಬಡಿಸೋನು ಬೇಕಾದಷ್ಟು ಲೇಟಾಗಿ ಬರ್ಲಿ ಬಿಡಿ ಆಗ."

ಕಾಂತರಾಜು ಅವಳನ್ನು ನೋಡಿದ, ಪಡಸಾಲೆ ಕಡೆ ನೋಡಿದ, ಕೇಬಲಿನ ಕಡೆ ನೋಡಿದ. ಆಮೇಲೆ ನಿಧಾನವಾಗಿ ಅವನ ಮುಖ ಅರಳಿತು. "ಈ ಕೇಬಲ್ಲಲ್ಲಿ ವಾಪಸ್ ಬರೋ ತಂತೀನೂ ಐತೆ ಕಣೇ. ಪ್ರಿಂಟರು ‘ಆಯ್ತು’ ಅಂತ ಹೇಳೋಕೆ ಇಟ್ಟಿರೋದು. ನಾನದನ್ನ ಕತ್ತರಿಸಿ ಬಿಸಾಕಿದ್ದೆ. ಬೇಡದ್ದು ಅಂತ."

*

ವೇಣುವಿಗೆ ಫೋನು ಮಾಡಲು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿಗೆ ಓಡಿದರು. ಅವನು ಆ ಕಡೆಯಿಂದ ಕೇ ಕೇ ಎಂದು ನಗುತ್ತ, "ಮೇಕೆನಾ? ಮೇಕೆ ಹೇಳಿಕೊಡ್ತಾ?" ಎಂದು ಮತ್ತೆ ಮತ್ತೆ ಕೇಳಿದ. ಮರುದಿನ ರಜೆ ಹಾಕಿ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೆಟ್ಟ ಪ್ರಿಂಟರೊಂದನ್ನು ಕೊಂಡು, ಮಡಿಲಲ್ಲಿ ಮಗುವಿನ ಹಾಗೆ ಕೂರಿಸಿಕೊಂಡು ಬಂದ. ಅದರೊಳಗಿನ ಮೋಟರು ಬೇರೆ ಜಾತಿಯದು. ಒಂದು ಸಲ ಹೇಳಿದರೆ ಒಂದೇ ಹೆಜ್ಜೆ ಇಟ್ಟು ನಿಲ್ಲುವಂಥದ್ದು. ಕಾಂತರಾಜು ಅದನ್ನು ತನ್ನ ಮಿಷನ್ನಿಗೆ ಕೂರಿಸಿದ. ಸೂಜಿಗಳು ಕೆಳಗಿಳಿದು ಮೇಲೆದ್ದಾಗ ತಾಗುವ ಹಾಗೆ ಒಂದು ಪುಟ್ಟ ಸ್ವಿಚ್ಚು ಇಟ್ಟು, ಅದರ ತಂತಿಯನ್ನು ತಾನು ಕತ್ತರಿಸಿದ್ದ ಎಳೆಗೆ ಬೆಸುಗೆ ಹಾಕಿದ. ವೇಣು ಪ್ರೋಗ್ರಾಮಿನಿಂದ ಹೊತ್ತು ಎಣಿಸುವ ಸಾಲುಗಳನ್ನೆಲ್ಲ ತೆಗೆದು, ಕಾಯುವ ಸಾಲುಗಳನ್ನು ಬರೆದ. ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಿದ್ದರು. ಚೈತ್ರ ಪಕ್ಕದಲ್ಲೇ ಗ್ರಾಫ್ ಕಾಗದ ಹರಡಿಕೊಂಡು ಉಳಿದ ಮರಿಗಳ ಕರಡು ಬಿಡಿಸುತ್ತ, ನಡುನಡುವೆ, "ಆಯ್ತಾ? ಆಯ್ತಾ?" ಎಂದು ಜೀವ ತಿನ್ನುತ್ತಿದ್ದಳು.

"ಆಯ್ತು ಅತ್ತಿಗೆ. ಈಗ ನೀವು ಇದಕ್ಕೆ ಎಷ್ಟು ಕಾಟ ಕೊಡ್ತೀರೋ ಕೊಡಿ" ಎಂದ ವೇಣು.

ಹೊರಗೆ ಮಗ್ಗಗಳು ಮತ್ತೆ ಸದ್ದು ಶುರುಮಾಡಿದ್ದವು. ಪಿಳ್ಳಪ್ಪ ಮಿಷನ್ನಿಗೆ ಕಿವಿ ಹಚ್ಚಿ ಕೂತ. ಚೈತ್ರ ಕೆರೆಯನ್ನು ತೆರೆದಳು, ಹಕ್ಕಿಗಳನ್ನು ಎಳೆದಾಡಿದಳು, ಇಸ್ಪೀಟಿನ ಆಟ ತೆರೆದಳು, ಹಾಡು ಹಾಕಿದಳು, ಕಿಟಕಿಗಳನ್ನು ಪರದೆಯ ತುಂಬ ಓಡಾಡಿಸಿದಳು. ಡಿಸ್ಕು ಗೊರಗೊರ ಎಂದಿತು. ಮಿಷನ್ ಒಮ್ಮೆ ನಿಂತಿತು, ಕಾದಿತು, ಮತ್ತೆ ಹೊರಟಿತು. ಒಮ್ಮೆ ಜೋರು, ಒಮ್ಮೆ ನಿಧಾನ.

"ತೊದಲ್ತೈತಲ್ಲಪ್ಪಾ" ಎಂದ ಪಿಳ್ಳಪ್ಪ, ಗಾಬರಿಯಿಂದ.

"ತೊದಲ್ತಿಲ್ಲ ಮಾವ. ಮೇಕೆ ಅಟ್ಟೋಕೆ ಹೋಗ್ತಾ ಇದೆ" ಎಂದ ಕಾಂತರಾಜು.

ಕಾರ್ಡನ್ನು ಕೈಗೆತ್ತಿಕೊಂಡು ಮುನಿತಾಯಮ್ಮನಿಗೆ ಕೊಟ್ಟರು. ಅವಳು ಗ್ರಾಫಿನ ಮೇಲೆ ಒಂದು ಬೆರಳು, ಕಾರ್ಡಿನ ಮೇಲೆ ಒಂದು ಬೆರಳು ಇಟ್ಟು, ತುಟಿ ಅಲ್ಲಾಡಿಸುತ್ತ ಕೊನೆಯವರೆಗೆ ಓದಿದಳು. ಮತ್ತೊಂದು ಕಾರ್ಡು. ಮತ್ತೊಂದು. ಎಲ್ಲರೂ ಅವಳ ತುಟಿಯನ್ನೇ ನೋಡುತ್ತಿದ್ದರು. "ಸರ್ಯಾಗೈತೆ" ಎಂದಳು ಕೊನೆಗೆ. "ಇನ್ಯಾಕೆ ನನ್ ಮುಖ ನೋಡ್ತೀರಾ? ಹೊಡೀರಿ ಬೇಗ."

ಅಲ್ಲಿಂದಾಚೆ ಆ ಮನೆಯಲ್ಲಿ ಯಾರೂ ಯಾರನ್ನೂ ಏಳು ಎನ್ನಲಿಲ್ಲ. ಮುಂದೆ ಚೈತ್ರ ಮರಿಗಳನ್ನು ಒಂದೊಂದಾಗಿ ನೀರಿಗಿಳಿಸುತ್ತಿದ್ದಳು. ಹಿಂದೆ ಕೊಕ್ಕರೆಗಳು ರಟ್ಟಿನ ಮೇಲೆ ತೂತಾಗಿ ಬೀಳುತ್ತಿದ್ದವು. ಪಿಳ್ಳಪ್ಪ ಅವನ್ನು ದಾರದಲ್ಲಿ ಪೋಣಿಸುತ್ತ, ಪ್ರತಿ ಕಾರ್ಡಿಗೂ ಅಭ್ಯಾಸಬಲದಿಂದ ತಾನೂ ಒಂದು ಹೂಂ ಸೇರಿಸುತ್ತಿದ್ದ. ಕೊನೆಯ ಮರಿಯ ಬಾಲ ಬಿಡಿಸಿ ಮುಗಿದದ್ದಕ್ಕೂ ಮಿಷನ್ ಅದನ್ನು ಕೇಳಿದ್ದಕ್ಕೂ ನಡುವೆ ಚೈತ್ರಳಿಗೆ ಕೈ ನೆಟಿಕೆ ಮುರಿಯುವಷ್ಟೂ ಬಿಡುವಿರಲಿಲ್ಲ.

ಮುನಿಶಾಮಪ್ಪನ ಶೆಡ್ಡಿನಲ್ಲಿ ಎಳೆ ಕೂಡಿಸುವವರು ಕೊನೆಯ ಗಂಟು ಹಾಕಿ ಕೈ ಒರೆಸಿಕೊಳ್ಳುತ್ತಿದ್ದರು. ಮೂಲೆಯಲ್ಲಿ ಮಾವಿನಕಾಯಿಯ ಹಳೆಯ ಕಾರ್ಡುಗಳ ಮಾಲೆ ಸಿದ್ಧವಾಗಿತ್ತು. ಅಷ್ಟರಲ್ಲಿ ಅಪ್ಪ, ಮಗಳು, ಅಳಿಯ, ಅಳಿಯನ ಗೆಳೆಯ ಒಬ್ಬರ ಹಿಂದೊಬ್ಬರು ಕಾರ್ಡಿನ ಮಾಲೆಯನ್ನು ಹೆಗಲ ಮೇಲೆ ಹೊತ್ತು ಒಳಗೆ ಬಂದರು.

"ಬರ್ಲಿ ಬರ್ಲಿ, ಕೆರೆ ಬರ್ಲಿ" ಎಂದ ಮುನಿಶಾಮಪ್ಪ. "ಕೊಕ್ಕರೆ ನಡೀತೈತಾ, ಇಲ್ಲಾ ಕೋಲು ಹಿಡ್ಕೊಂಡೈತಾ?"

"ನೀವೇ ನೋಡಿ ಯಜಮಾನ್ರೆ" ಎಂದಳು ಚೈತ್ರ.

ಮಗ್ಗ ಹೊರಟಿತು. ಜೊಂಡು ಎದ್ದಿತು. ಅಲೆ ಶುರುವಾಯಿತು. ಕೊಕ್ಕರೆಯ ಪಾದ, ಮಂಡಿ, ಆಮೇಲೆ ಮೊದಲು ಮುರಿದಿದ್ದ ಜಾಗ. ಚೈತ್ರ ಮುಂದಕ್ಕೆ ಬಗ್ಗಿದಳು. ಕಾಲು ನೆಟ್ಟಗೆ ಮೇಲೇರಿತು. ಕುತ್ತಿಗೆ ಬಳುಕಿ, ಕೊಕ್ಕು ನೀರಿಗೆ ಬಗ್ಗಿತು. ಅದರ ಪಕ್ಕ ಇನ್ನೊಂದು, ಅದಕ್ಕಿಂತ ಸ್ವಲ್ಪ ಗರ್ವದ್ದು. ಅಲೆ ಮುರಿಯದೆ ಹರಿಯುತ್ತ ಹೋಗಿ ನೀರುಕೋಳಿಯ ಹೊಟ್ಟೆಗೆ ತಾಗಿತು. ಮರಿಗಳು ಒಂದರ ಹಿಂದೊಂದು ಬಂದವು, ಎಲ್ಲಕ್ಕಿಂತ ಹಿಂದಿನದು ತಿರುಗಿ ನೋಡುತ್ತಿತ್ತು.

ಮುನಿಶಾಮಪ್ಪ ಮಗ್ಗ ನಿಲ್ಲಿಸಿದ. ಕನ್ನಡಕ ಏರಿಸಿ, ತೋರುಬೆರಳನ್ನು ಬಟ್ಟೆಯ ಮೇಲಿಟ್ಟು, ಜೊಂಡಿನಿಂದ ನಿಧಾನವಾಗಿ ಜರುಗಿಸುತ್ತ ಗೆರೆ ಹುಡುಕಿದ. ಕೊಕ್ಕರೆ ದಾಟಿದ. ಒಂದು ಕಡೆ ನಿಂತ, ಹಿಂದಕ್ಕೆ ಬಂದ, ಮತ್ತೆ ಮುಂದಕ್ಕೆ ಹೋದ. ನೇಯುವವರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ಬೆರಳು ಕೊನೆಯ ಮರಿಯ ಮೇಲೆ ಬಂದು ನಿಂತಿತು.

"ಹೂಂ" ಎಂದ ಮುನಿಶಾಮಪ್ಪ.

ವೇಣುವಿಗೆ ನಗು ತಡೆಯಲಾಗಲಿಲ್ಲ, ಕಾಂತರಾಜು ಅವನ ಪಕ್ಕೆಗೆ ತಿವಿದ. ಮುನಿಶಾಮಪ್ಪನಿಗೆ ಅದೇನೆಂದು ತಿಳಿಯಲಿಲ್ಲ. ಅವನು ಮಾವಿನಕಾಯಿಯ ಕಾರ್ಡುಗಳನ್ನು ಅಟ್ಟಕ್ಕೆ ಹಾಕಿರೆಂದು ಕೈಸನ್ನೆ ಮಾಡಿ, ಮತ್ತೆ ಬಟ್ಟೆಯ ಕಡೆ ಬಗ್ಗಿದ.

"ಅಲ್ಲ ತಾಯಿ, ಎಲ್ಲಾ ಸರಿ. ಈ ನೀರುಕೋಳಿ ಯಾಕೋ ಒಂಚೂರು ದಪ್ಪ ಆಯ್ತಲ್ಲ?"

"ರಾಜಘಟ್ಟದ ನೀರುಕೋಳಿ ದಪ್ಪಾನೇ ಯಜಮಾನ್ರೆ" ಎಂದಳು ಚೈತ್ರ. "ನೀವು ಮಗ್ಗ ಓಡಿಸಿ."